ಮನೆಲೆಕ್ಕ

ರಾತ್ರಿ ಎಂಟೂವರೆಯ ಹೊತ್ತಿಗೆ ಬೆಂಗಳೂರಿನ ಯಾವ ಬಡಾವಣೆಯ ಬೀದಿಯಲ್ಲಿ ನಡೆದು ಹೋದರೂ ಕೆಲವು ಕಿಟಕಿಗಳಿಂದ ಒಂದೇ ಬಗೆಯ ದನಿ ಕೇಳಿಬರುತ್ತದೆ. ಅದು ಸಂಗೀತಪಾಠವಲ್ಲ, ದಂಪತಿಗಳ ಜಗಳವೂ ಅಲ್ಲ. ಶಾಲೆಯಿಂದ ಮನೆಗೆ ಬಂದ ಲೆಕ್ಕವೊಂದು ಮಗುವಿನ ಕೈಯಿಂದ ತಾಯಿಯ ಕೈಗೂ, ತಾಯಿಯ ಕೈಯಿಂದ ತಂದೆಯ ಕೈಗೂ ದಾಟುತ್ತಿರುವ ಸದ್ದು. ಲೆಕ್ಕವನ್ನು ಕೊಡುವುದು ಮಗುವಿಗೆ, ಮಾಡುವುದು ಸಂಸಾರವೆಲ್ಲ. ಇದರಲ್ಲಿ ಶಾಸನಸಭೆಯ ಛಾಯೆಯೊಂದು ಇದೆ. ಕನ್ನಡಿಗರು ಸಭೆಗಳಿಗೆ ಮೇಲ್ಮನೆ, ಕೆಳಮನೆ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮಗು ಮಂಡಿಸುತ್ತದೆ, ತಾಯಿ ಪರಿಶೀಲಿಸುತ್ತಾಳೆ, ತಂದೆ ತಿದ್ದುಪಡಿ ಸೂಚಿಸುತ್ತಾನೆ, ಹಿರಿಯರೊಬ್ಬರು ಮನೆಯಲ್ಲಿದ್ದರೆ ಮೇಲ್ಮನೆಯ ಕೆಲಸವೂ ಆಗುತ್ತದೆ.

ಜಯನಗರದ ಅಂಥ ಒಂದು ಮನೆಯಲ್ಲಿ ಏಳನೆಯ ತರಗತಿಯ ಹುಡುಗಿಗೆ ಆ ರಾತ್ರಿ ಮೂರು ಲೆಕ್ಕಗಳಿದ್ದವು. ಮೊದಲನೆಯದು: ಒಂದು ಬಸ್ಸಿನಲ್ಲಿ 40 ಮಕ್ಕಳು ಕೂಡಬಹುದಾದರೆ 130 ಮಕ್ಕಳ ಪ್ರವಾಸಕ್ಕೆ ಎಷ್ಟು ಬಸ್ಸು ಬೇಕು? ಭಾಗಿಸಿದರೆ ಮೂರೂಕಾಲು. ಕಾಲು ಬಸ್ಸು ಯಾವ ಡಿಪೋದಲ್ಲಿಯೂ ದೊರೆಯದಾದ್ದರಿಂದ ಹುಡುಗಿ ನಾಲ್ಕು ಎಂದು ಬರೆದಳು. ಎರಡನೆಯದು: 100 ರೂಪಾಯಿಗೆ 15 ರೂಪಾಯಿಯ ನೋಟುಪುಸ್ತಕ ಎಷ್ಟು ಬರುತ್ತದೆ? ಆರು ಪೂರ್ಣ, ಮೇಲೆ ಮೂರರಲ್ಲಿ ಎರಡು ಪಾಲು. ಅರ್ಧಕ್ಕಿಂತ ಹೆಚ್ಚೇ ಆದರೂ ಏಳನೆಯ ಪುಸ್ತಕವನ್ನು ಅಂಗಡಿಯವನು ಕೊಡುವುದಿಲ್ಲ. ಆರು ಎಂದು ಬರೆದಳು. ಮೂರನೆಯ ಲೆಕ್ಕವನ್ನು ಉಪಾಧ್ಯಾಯಿನಿಯವರು ಪಠ್ಯಪುಸ್ತಕದಿಂದ ತೆಗೆದಿರಲಿಲ್ಲ, ಸ್ವಂತವಾಗಿ ಕೊಟ್ಟಿದ್ದರು. ನಮ್ಮ ರಾಜ್ಯದ ವಿಧಾನಸಭೆಯ ಸದಸ್ಯರು 224. ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ಇದರ ಶೇಕಡಾ 15ನ್ನು ಮೀರಕೂಡದು. ಹೆಚ್ಚೆಂದರೆ ಎಷ್ಟು ಮಂದಿ ಮಂತ್ರಿಗಳಿರಬಹುದು?

ಹುಡುಗಿ ಗುಣಿಸಿದಳು, ನೂರರಿಂದ ಭಾಗಿಸಿದಳು: 33.6. ಕೊಂಚ ಹೊತ್ತು ಪೆನ್ಸಿಲನ್ನು ಕಚ್ಚಿ 33 ಎಂದು ಉತ್ತರ ಬರೆದಳು.

ತಂದೆ ಬ್ಯಾಂಕಿನ ಅಧಿಕಾರಿ. ದಿನವೆಲ್ಲ ಅಂಕಿಗಳ ನಡುವೆ ಇದ್ದು ಬಂದವರಿಗೆ ಮನೆಯಲ್ಲಿ ಮತ್ತೆ ಅಂಕಿ ಕಂಡರೆ ಆಗುವ ಆಯಾಸ ಆಯಾಸಪಟ್ಟವರಿಗೇ ಗೊತ್ತು. ಪತ್ರಿಕೆಯ ಮರೆಯಿಂದಲೇ ನೋಟುಪುಸ್ತಕವನ್ನು ನೋಡಿ, "ಇದು ತಪ್ಪು, ಪುಟ್ಟಿ. ಮೂವತ್ತನಾಲ್ಕು ಆಗಬೇಕು" ಎಂದರು.

"ಮೂವತ್ತಮೂರು ಪಾಯಿಂಟ್ ಆರು ಬಂತಪ್ಪ."

"ದಶಾಂಶ ಬಿಂದುವಿನ ಮುಂದೆ ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ಪೂರ್ಣಾಂಕ ತೆಗೆದುಕೊಳ್ಳಬೇಕೆಂದು ನಿಮಗೆ ಹೇಳಿಕೊಟ್ಟಿಲ್ಲವೆ? ಅದೂ ಅಲ್ಲದೆ ನಿಜವಾಗಿ ಮಾಡಿದ್ದೇ ಮೂವತ್ತನಾಲ್ಕು. 2023ರ ಮೇ ತಿಂಗಳಲ್ಲಿ ಸಂಪುಟ ಪೂರ್ತಿಯಾದಾಗ ಮುಖ್ಯಮಂತ್ರಿಯೂ ಸೇರಿ ಮೂವತ್ತನಾಲ್ಕು ಎಂದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು."

"ಹಾಗಾದರೆ ಅಂಗಡಿಯವನೂ ಏಳನೆಯ ಪುಸ್ತಕ ಕೊಡಬೇಕಲ್ಲ ಅಪ್ಪ?"

"ಅಂಗಡಿ ಬೇರೆ, ಸರ್ಕಾರ ಬೇರೆ" ಎಂದು ತಂದೆ ರಬ್ಬರನ್ನು ತೆಗೆದುಕೊಂಡು 33ನ್ನು ಅಳಿಸಿ, ತಮ್ಮ ಕೈಯಿಂದಲೇ 34 ಎಂದು ಬರೆದರು. ಹುಡುಗಿ ಅಳಲಿಲ್ಲ; ವಾದಿಸಲೂ ಇಲ್ಲ. ನೋಟುಪುಸ್ತಕವನ್ನು ಎತ್ತಿಕೊಂಡು ನಡುಮನೆಯ ಮೂಲೆಯ ಕುರ್ಚಿಯಲ್ಲಿದ್ದ ತಾತನ ಬಳಿಗೆ ಹೋದಳು. ಕೆಳಮನೆಯಲ್ಲಿ ಸೋತ ವಿಷಯ ಮೇಲ್ಮನೆಗೆ ಹೋಯಿತು.

ತಾತ ವಿಧಾನಮಂಡಲದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಮೇಲಕ್ಕೆ ಬಂದು ನಿವೃತ್ತರಾದವರು. ಯಾವ ಪ್ರಶ್ನೆಗೂ ನೇರವಾಗಿ ಉತ್ತರ ಹೇಳುವುದು ಅವರ ಪದ್ಧತಿಯಲ್ಲ. ಆ ರಾತ್ರಿ ಅವರು ಹೊರಟದ್ದು 1957ರಿಂದ.

ಆ ವರ್ಷದ ಏಪ್ರಿಲ್ 1ರಂದು ನಯಾಪೈಸೆ ಬಂದಿತು. ಅದಕ್ಕೆ ಬೇಕಾದ ಶಾಸನವನ್ನು ಪಾರ್ಲಿಮೆಂಟು 1955ರಲ್ಲಿಯೇ ಮಾಡಿತ್ತು. ಆಗ ತಾತನಿಗೆ ಹತ್ತು ವರ್ಷ. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಕಾಲುಮಗ್ಗಿ, ಅರೆಮಗ್ಗಿ, ಮುಕ್ಕಾಲುಮಗ್ಗಿಗಳನ್ನು ಬಾಯಿಪಾಠ ಮಾಡಿ, ಬೆತ್ತದ ರುಚಿ ನೋಡಿ, ಅಂತೂ ಆಣೆಪೈಗಳನ್ನು ಗೆದ್ದೆವು ಎನ್ನುವಷ್ಟರಲ್ಲಿ ದೇಶಕ್ಕೆ ದೇಶವೇ ನೂರರ ಲೆಕ್ಕಕ್ಕೆ ತಿರುಗಿತು. ಹದಿನಾರು ಆಣೆಗೆ ನೂರು ನಯಾಪೈಸೆ ಎಂದರೆ ಒಂದಾಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಒಂದು ಪಟ್ಟಿ ಬಂತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಅಂಗಡಿಗಳ ಗೋಡೆಯ ಮೇಲೆ ಈ ಪಟ್ಟಿ. ಶಾಲೆಯಲ್ಲಿ ಇದೇ ಲೆಕ್ಕ.

"ಎರಡಾಣೆಗೆ ಹನ್ನೆರಡೂವರೆ ಆಗುತ್ತದಲ್ಲ ತಾತ?" ಎಂದಳು ಹುಡುಗಿ.

"ಆಗುತ್ತದೆ. ನಿನ್ನಪ್ಪನ ಸೂತ್ರದಂತೆ ಅರ್ಧವಿದ್ದರೆ ಮೇಲಕ್ಕೆ ಹೋಗಬೇಕು, ಹದಿಮೂರು ಆಗಬೇಕು. ಆದರೆ ಪಟ್ಟಿಯಲ್ಲಿದ್ದುದು ಹನ್ನೆರಡು. ಅರ್ಧ ಬಂದರೆ ಬಿಡು, ಅರ್ಧಕ್ಕೆ ಮೀರಿದರೆ ಒಂದು ಎಣಿಸು ಎಂಬುದು ಅದರ ಕ್ರಮ. ಮೂರಾಣೆಗೆ ಹದಿನೆಂಟೂಮುಕ್ಕಾಲು, ಅದು ಹತ್ತೊಂಬತ್ತಾಯಿತು."

ಎರಡಾಣೆಯ ಎಂಟು ನಾಣ್ಯ ಸೇರಿದರೆ ಒಂದು ರೂಪಾಯಿ. ಆದರೆ ಒಂದೊಂದನ್ನೇ ಬದಲಾಯಿಸಿದವನ ಕೈಗೆ ಬಂದದ್ದು 96 ನಯಾಪೈಸೆ. ಉಳಿದ ನಾಲ್ಕು ಎಲ್ಲಿಗೆ ಹೋಯಿತೆಂದು ಹತ್ತು ವರ್ಷದ ಹುಡುಗ ತನ್ನ ಮೇಷ್ಟರನ್ನು ಕೇಳಿದ್ದನಂತೆ. ಮೇಷ್ಟರು ಬೈಯಲಿಲ್ಲ. ಪಟ್ಟಿಯನ್ನು ತೋರಿಸಿ, ಹೀಗೆಂದು ಮೊದಲೇ ಬರೆದು ಎಲ್ಲರಿಗೂ ತಿಳಿಸಿದ್ದಾರಲ್ಲ, ಮೋಸವಿಲ್ಲ, ನಷ್ಟವಾಗಬಾರದೆಂದರೆ ಎರಡೆರಡು ನಾಣ್ಯ ಸೇರಿಸಿಕೊಂಡು ಹೋಗು ಎಂದರಂತೆ. ಎರಡೆರಡು ಸೇರಿದರೆ ನಾಲ್ಕಾಣೆ, ನಾಲ್ಕಾಣೆಗೆ 25, ಎಲ್ಲವೂ ಸರಿ.

ತಾತನ ಮಾತು ನಾಣ್ಯದಿಂದ ಸದನಕ್ಕೆ ಬಂದದ್ದು ಈ ದಾರಿಯಲ್ಲಿ. ಶಾಸನಸಭೆಯಲ್ಲಿ ನಡೆಯುವುದೆಲ್ಲ ಭಾಷಣ ಎಂದು ಜನ ತಿಳಿಯುತ್ತಾರೆ. ಅಲ್ಲಿನ ಗುಮಾಸ್ತನಿಗೆ ಮಾತ್ರ ಅದು ಬೆಳಗಿನಿಂದ ಸಂಜೆಯವರೆಗೆ ಲೆಕ್ಕ. ಸಭೆ ನಡೆಯಬೇಕಾದರೆ ಹತ್ತು ಮಂದಿ ಅಥವಾ ಒಟ್ಟು ಸದಸ್ಯರ ಹತ್ತನೆಯ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಜನ ಇರಬೇಕೆಂದು ಸಂವಿಧಾನದ 189ನೆಯ ಅನುಚ್ಛೇದ ಹೇಳುತ್ತದೆ. 224ರಲ್ಲಿ ಹತ್ತನೆಯ ಒಂದು ಭಾಗ 22.4. ಇಪ್ಪತ್ತೆರಡು ಜನ ಕೂತಿದ್ದರೆ ಕೋರಂ ಇಲ್ಲ, ಗಂಟೆ ಬಾರಿಸಬೇಕು, ಮೊಗಸಾಲೆಯಲ್ಲಿ ಕಾಫಿ ಕುಡಿಯುತ್ತಿರುವ ಇಪ್ಪತ್ತಮೂರನೆಯವರು ಬಂದು ಕೂಡಬೇಕು. ನಾಲ್ಕು ದಶಾಂಶ ಅರ್ಧಕ್ಕಿಂತ ಕಡಮೆಯಲ್ಲವೆ, ಬಿಟ್ಟುಬಿಡೋಣ ಎನ್ನುವಂತಿಲ್ಲ. ಲೋಕಸಭೆಯಲ್ಲಿ 543ಕ್ಕೆ 54.3, ಅಲ್ಲಿ ಕೋರಂ 55. ಇದು ಬಸ್ಸಿನ ಲೆಕ್ಕ. ಕಡಮೆಯಾಗಕೂಡದು ಎಂದ ಕಡೆ ಚೂರು ಉಳಿದರೂ ಮೇಲಕ್ಕೇ ಹೋಗಬೇಕು.

ಬಹುಮತವೂ ಹಾಗೆಯೇ. 224ರ ಅರ್ಧ 112. ಆದರೆ ಅರ್ಧ ಬಹುಮತವಲ್ಲ, 113 ಬೇಕು. ಅದೂ ಎಲ್ಲರೂ ಬಂದು ಮತ ಹಾಕಿದಾಗಿನ ಮಾತು. ಸದನ ಎಣಿಸುವುದು ಹಾಜರಿದ್ದು ಮತ ಕೊಟ್ಟವರನ್ನು. 2019ರ ಜುಲೈ 23ರಂದು ಬೆಂಗಳೂರಿನಲ್ಲಿ ವಿಶ್ವಾಸಮತದ ಪರವಾಗಿ 99, ವಿರುದ್ಧವಾಗಿ 105 ಬಂದು ಸರ್ಕಾರ ಬಿದ್ದಿತು. 105 ಎಂಬುದು 224ರ ಅರ್ಧವೂ ಅಲ್ಲ. ಆದರೆ ಆ ದಿನ ಬಿದ್ದ ಮತಗಳು 204. ಅದರ ಅರ್ಧವನ್ನು ಅದು ದಾಟಿತ್ತು. 1999ರ ಏಪ್ರಿಲ್ 17ರಂದು ದೆಹಲಿಯಲ್ಲಿ 269ಕ್ಕೆ ಎದುರಾಗಿ 270. ಒಂದೇ ಒಂದು ಅಂಕಿ ಕೇಂದ್ರ ಸರ್ಕಾರವನ್ನು ಕೆಳಗಿಳಿಸಿತು. ಇಂಥ ಕಡೆ ಕೂಡುವ ಲೆಕ್ಕದಲ್ಲಿ ಗುಮಾಸ್ತನ ಕೈ ನಡುಗಿದರೆ ಆಶ್ಚರ್ಯವಿಲ್ಲ.

ಲೋಕಸಭೆಯಲ್ಲಿ ಕಳೆಯುವ ಲೆಕ್ಕವೂ ಒಂದಿದೆ. ಇಲಾಖೆಯೊಂದು ಸಾವಿರಾರು ಕೋಟಿ ರೂಪಾಯಿ ಕೇಳಿದಾಗ ಸದಸ್ಯರೊಬ್ಬರು ಎದ್ದು, ಇದರಿಂದ ನೂರು ರೂಪಾಯಿ ಕಡಿತ ಮಾಡಬೇಕೆಂದು ಸೂಚಿಸಬಹುದು. ನೂರು ರೂಪಾಯಿಗೆ ಯಾರೂ ಬಡವರಾಗುವುದಿಲ್ಲ; ಅದು ಒಂದು ದೂರನ್ನು ಹೇಳುವ ರೀತಿ. ಇಲಾಖೆಯ ನೀತಿಯೇ ಒಪ್ಪಿಗೆಯಿಲ್ಲದಿದ್ದರೆ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿರಿ ಎನ್ನಬೇಕು. ಇದನ್ನು ಕೇಳಿ ಹುಡುಗಿ ನಕ್ಕಳು. ಶಾಲೆಯಲ್ಲಿ ಅಂಥ ಉತ್ತರ ಬರೆದರೆ ಮುಂದಿನ ದಿನ ತಂದೆಯನ್ನು ಕರೆದುಕೊಂಡು ಬಾ ಎನ್ನುತ್ತಾರೆ.

"ಅಂಕಿಗಳ ಮಾತು ಇರಲಿ" ಎಂದರು ತಾತ. "ಮಸೂದೆಗೆ ಮೂರು ವಾಚನಗಳೆಂದು ಏಕೆ ಇಟ್ಟಿದ್ದಾರೆ ಗೊತ್ತೆ? ಮೊದಲನೆಯದರಲ್ಲಿ ಮಂಡನೆ, ಅಷ್ಟೆ. ಕೊನೆಯದರಲ್ಲಿ ಒಪ್ಪಿಗೆ. ನಡುವಿನದರಲ್ಲಿ ಖಂಡ ಖಂಡವಾಗಿ, ಪದ ಪದವಾಗಿ ಓದಬೇಕು. 'ಕಡಮೆಯಿರಕೂಡದು' ಎಂಬುದು ಒಂದು ಮಾತು, 'ಮೀರಕೂಡದು' ಎಂಬುದು ಇನ್ನೊಂದು ಮಾತು, 'ಸುಮಾರು' ಎಂಬುದು ಮೂರನೆಯ ಮಾತು. ಸಂವಿಧಾನಕ್ಕೆ 2003ರಲ್ಲಿ ಆದ 91ನೆಯ ತಿದ್ದುಪಡಿಯಲ್ಲಿ ಬರೆದಿರುವುದು ಮೀರಕೂಡದು ಎಂದು. ಸುಮಾರು ಎಂದಲ್ಲ."

ಪತ್ರಿಕೆಯ ಮರೆಯಲ್ಲಿದ್ದವರಿಗೆ ಇದೆಲ್ಲ ಕೇಳಿಸುತ್ತಿತ್ತು. ಪತ್ರಿಕೆ ಕೆಳಗಿಳಿಯಿತು. "ಅಪ್ಪ, ನೀವು ಹೇಳುವುದು ಸರಿ ಎಂದೇ ಇಟ್ಟುಕೊಳ್ಳೋಣ. ಆದರೆ ಇಡೀ ದೇಶದಲ್ಲಿ ನಡೆದು ಬಂದಿರುವುದು ಹೇಗೆ, ನೋಡಿ. ಉತ್ತರ ಪ್ರದೇಶದಲ್ಲಿ 403 ಸದಸ್ಯರು, 60.45 ಬರುತ್ತದೆ, 60 ಎಂದು ಎಣಿಸುತ್ತಾರೆ. ಬಿಹಾರದಲ್ಲಿ 243, 36.45, ಅಲ್ಲಿ 36. ಮಧ್ಯಪ್ರದೇಶದಲ್ಲಿ 230; 34.5, ಅಲ್ಲಿ 35. ಅರ್ಧಕ್ಕೆ ಕೆಳಗಿದ್ದರೆ ಬಿಟ್ಟಿದ್ದಾರೆ, ಅರ್ಧವೋ ಅದಕ್ಕೆ ಮೇಲೋ ಇದ್ದರೆ ಸೇರಿಸಿದ್ದಾರೆ. ಇವಳ ಶಾಲೆಯ ಸೂತ್ರವೇ ಅಲ್ಲವೆ?"

ಬ್ಯಾಂಕಿನವರು ಅಂಕಿಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆಂಬುದಕ್ಕೆ ಇದೇ ಸಾಕ್ಷಿ. ವಾದವೂ ಬಲವಾದದ್ದೇ. ಇದಕ್ಕೆ ತಾತ, "ಅದೇ ಸೂತ್ರ ನಿಜ. ಅಳೆಯುವಾಗ, ತೂಗುವಾಗ ಅದು ಒಳ್ಳೆಯ ಸೂತ್ರ. ಮಿತಿಗೆ ಅದು ಸಲ್ಲುವುದಿಲ್ಲ. 90 ಸದಸ್ಯರಿರುವ ಹರಿಯಾಣ, ಛತ್ತೀಸಗಢಗಳಲ್ಲಿ ಹದಿಮೂರೂವರೆ ಬಂದದ್ದಕ್ಕೆ ಹದಿನಾಲ್ಕು ಮಂತ್ರಿಗಳನ್ನು ಮಾಡಿದಾಗ, ಅದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಉಂಟು" ಎಂದರು.

ಹುಡುಗಿ ಅಷ್ಟರಲ್ಲಿ ಬೇರೊಂದು ಲೆಕ್ಕ ಮಾಡಿ ಮುಗಿಸಿದ್ದಳು. 34ನ್ನು 224ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 15.18 ಬಂದಿತ್ತು. 33ಕ್ಕೆ 14.73. "ಹದಿನೈದನ್ನು ಮೀರಿತಲ್ಲ ಅಪ್ಪ" ಎಂದಳು. ಅದರಲ್ಲಿ ಗೆದ್ದ ಹಮ್ಮು ಇರಲಿಲ್ಲ. ಮುಂದಿನ ಮಾತಿನಲ್ಲಿ ಸಂಕಟವಿತ್ತು. "ನಾನು ಈಗ ಏನು ಬರೆಯಲಿ? ಮೂವತ್ತಮೂರು ಎಂದರೆ ಸರ್ಕಾರ ತಪ್ಪು ಮಾಡಿದೆ ಎಂದ ಹಾಗಾಗುತ್ತದೆಯೆ? ಮೂವತ್ತನಾಲ್ಕು ಎಂದರೆ ನಾನು ತಪ್ಪು ಮಾಡಿದ ಹಾಗಾಗುತ್ತದೆ."

ಮನೆಯ ಹಿರಿಯರು ಎದುರಿಸುವ ಪ್ರಶ್ನೆಗಳಲ್ಲಿ ಇದು ತೀರ ಕಷ್ಟದ್ದು. ಮಗು ಸುಳ್ಳು ಹೇಳಿದರೆ ಗದರಿಸಬಹುದು, ಸೋಮಾರಿಯಾದರೆ ಬುದ್ಧಿ ಹೇಳಬಹುದು. ಸರಿಯಾದ ಉತ್ತರವನ್ನು ಬರೆದ ಮಗುವಿನ ಕೈಯಿಂದ ಅದನ್ನು ಕಿತ್ತುಕೊಂಡು, ಲೋಕದಲ್ಲಿ ನಡೆಯುತ್ತಿರುವುದೇ ಸರಿ ಎಂದು ಬರೆಯಿಸಿದ ಮೇಲೆ ಏನು ಹೇಳುವುದು? ತಂದೆ ಮಾಡಿದ್ದು ದುರುದ್ದೇಶದಿಂದಲ್ಲ. ಮಗಳಿಗೆ ಅಂಕ ತಪ್ಪಬಾರದು, ತರಗತಿಯಲ್ಲಿ ನಗೆಪಾಟಲಾಗಬಾರದು ಎಂಬ ಕಾಳಜಿಯಿಂದಲೇ. ಇಂಥ ಕಾಳಜಿಯಿಂದ ಎಷ್ಟು ಮನೆಗಳಲ್ಲಿ ಎಷ್ಟು ಸರಿಯುತ್ತರಗಳು ರಬ್ಬರಿಗೆ ಆಹುತಿಯಾಗುತ್ತಿವೆಯೋ!

ಆಗ ಅಡಿಗೆಮನೆಯ ಬಾಗಿಲಿನಿಂದ ತಾಯಿಯ ದನಿ ಬಂತು. "ಮೀರಕೂಡದು ಎಂದರೆ ಏನರ್ಥವೆಂದು ಇವರನ್ನು ಕೇಳಬೇಡ, ಪುಟ್ಟಿ. ದಿನಕ್ಕೆ ಎರಡು ಲೋಟ ಕಾಫಿ ಮೀರಕೂಡದೆಂದು ಡಾಕ್ಟರು ಹೇಳಿ ಆರು ತಿಂಗಳಾಯಿತು. ಸಂಜೆ ಇನ್ನೂ ಅರ್ಧ ಲೋಟ ಬೇಕೇ ಬೇಕು. ಕೇಳಿದರೆ, ಅರ್ಧ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತಾರೆ."

"ಅರ್ಧವಿದ್ದರೆ ಮೇಲಕ್ಕೆ ತೆಗೆದುಕೊಳ್ಳಬೇಕು ಎಂದರಲ್ಲ ಅಪ್ಪ?" ಎಂದಳು ಹುಡುಗಿ. "ಹಾಗಾದರೆ ಮೂರು ಲೋಟವಾಯಿತು."

ತಾತ ನಕ್ಕದ್ದಕ್ಕೆ ಅವರ ಕನ್ನಡಕ ಜಾರಿತು. ತಂದೆಯೂ ನಗಲೇಬೇಕಾಯಿತು.

ವಿಷಯ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಲೆಕ್ಕದ ರುಚಿ ಹತ್ತಿದ ಮಕ್ಕಳು ಒಂದಕ್ಕೆ ನಿಲ್ಲುವುದಿಲ್ಲ. ಹುಡುಗಿಯ ಸಮಾಜಶಾಸ್ತ್ರದ ಪುಸ್ತಕದಲ್ಲಿ ವಿಧಾನ ಪರಿಷತ್ತಿನ ಪಾಠವಿತ್ತು. ಪರಿಷತ್ತಿನ ಸದಸ್ಯರ ಸಂಖ್ಯೆ ವಿಧಾನಸಭೆಯ ಸಂಖ್ಯೆಯ ಮೂರನೆಯ ಒಂದು ಭಾಗವನ್ನು ಮೀರಕೂಡದೆಂಬುದು 171ನೆಯ ಅನುಚ್ಛೇದ. ನಮ್ಮ ಪರಿಷತ್ತಿನಲ್ಲಿ 75 ಸ್ಥಾನಗಳು. ಅವಳು 224ನ್ನು ಮೂರರಿಂದ ಭಾಗಿಸಿದಳು. ಎಪ್ಪತ್ತನಾಲ್ಕು ಪೂರ್ಣ, ಮೇಲೆ ಮೂರರಲ್ಲಿ ಎರಡು ಪಾಲು. ಮೊದಲಿನ ನೋಟುಪುಸ್ತಕದ ಲೆಕ್ಕದ್ದೇ ಚೂರು.

"ತಾತ, ಇಲ್ಲಿಯೂ?"

ತಾತ ಥಟ್ಟನೆ, "ಇಲ್ಲಿಲ್ಲ. 225ರ ಮೂರನೆಯ ಒಂದು ಭಾಗ ಸರಿಯಾಗಿ 75. ಚುನಾಯಿತರು 224, ಅವರ ಜೊತೆಗೆ ನಾಮಕರಣಗೊಂಡ ಆಂಗ್ಲೋ-ಇಂಡಿಯನ್ ಸದಸ್ಯರು ಒಬ್ಬರು. ನನ್ನ ಕಾಲದ ಹಾಜರಿಪಟ್ಟಿಯಲ್ಲೆಲ್ಲ 225 ಹೆಸರು" ಎಂದರು. ಹೇಳಿದ ಮೇಲೆ ಅವರೇ ನಿಂತರು. 104ನೆಯ ತಿದ್ದುಪಡಿಯ ಫಲವಾಗಿ 2020ರ ಜನವರಿಯಲ್ಲಿ ಆ ನಾಮಕರಣದ ಅವಕಾಶ ಮುಗಿದುಹೋಗಿತ್ತು. 225 ಈಗ 224. ಪರಿಷತ್ತಿನ 75 ಹಾಗೆಯೇ ಉಳಿದಿದೆ. ಒಂದು ಸ್ಥಾನವನ್ನು ಒಂದು ಮನೆಯಲ್ಲಿ ಕಳೆದಾಗ ಇನ್ನೊಂದು ಮನೆಯ ಭಾಗಾಕಾರ ಕೆಟ್ಟಿತು.

ತಮ್ಮ ಜೀವಮಾನವೆಲ್ಲ ಸರಿಯಾಗಿದ್ದ ಲೆಕ್ಕವೊಂದು ತಮಗೆ ತಿಳಿಯದೆಯೇ ಚೂರು ಉಳಿಸಿಕೊಂಡಿದ್ದುದನ್ನು ಕಂಡು ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಮೊಮ್ಮಗಳ ಪೆನ್ಸಿಲನ್ನು ತೆಗೆದುಕೊಂಡು ಭಾಗಾಕಾರವನ್ನು ತಾವೇ ಇನ್ನೊಂದು ಸಲ ಮಾಡಿ ನೋಡಿದರು. ಅಷ್ಟೇ ಬಂತು.

ಎಲ್ಲರೂ ಮಲಗಲು ಹೋದ ಮೇಲೆ ತಂದೆ ನೋಟುಪುಸ್ತಕವನ್ನು ತೆರೆದರು. ಪುಟದ ಕೆಳಗೆ ಪೋಷಕರ ಸಹಿಯಾಗಬೇಕಾಗಿತ್ತು. 34ನ್ನು ಅಳಿಸಿ ಮಗಳು ಮತ್ತೆ 33 ಎಂದು ಬರೆದಿದ್ದಳು. ಎರಡು ಸಲ ರಬ್ಬರು ಹಾಕಿದ ಜಾಗದಲ್ಲಿ ಕಾಗದ ತೆಳ್ಳಗಾಗಿ ಹಿಂದಿನ ಪುಟದ ಗೆರೆ ಕಾಣುತ್ತಿತ್ತು. ಉಪಾಧ್ಯಾಯಿನಿಯವರು ನೋಡಿದರೆ, ಹುಡುಗಿ ತಿಳಿಯದೆ ತಡಕಾಡಿದಳೆಂದು ಭಾವಿಸಬಹುದು. ತಂದೆ ಲೇಖನಿಯನ್ನು ತೆಗೆದುಕೊಂಡು ಅಂಚಿನಲ್ಲಿ ಮಸಿಯಿಂದ ಬರೆದರು: "ಮೊದಲು ಬರೆದ ಉತ್ತರವೂ 33. ನಡುವೆ ಅಳಿಸಿದವನು ನಾನು." ಕೆಳಗೆ ಸಹಿ ಹಾಕಿ ತಾರೀಖು ಬರೆದರು.

ಮರುದಿನ ಸಂಜೆ ಪುಸ್ತಕ ಮನೆಗೆ ಬಂದಾಗ ಆ ಸಾಲಿನ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಒಂದು ಸರಿಗುರುತು ಇತ್ತು. ಅದು ಲೆಕ್ಕಕ್ಕೆ ಹಾಕಿದ್ದೋ, ತಂದೆಯ ಸಾಲಿಗೆ ಹಾಕಿದ್ದೋ ಎಂದು ತಾಯಿ ಮಗಳು ಬಹಳ ಹೊತ್ತು ಚರ್ಚಿಸಿದರು. ತಂದೆ ಆ ಚರ್ಚೆಯಲ್ಲಿ ಸೇರಲಿಲ್ಲ. ಎರಡನೆಯ ಲೋಟ ಕಾಫಿ ಮುಗಿಸಿ, ಲೋಟವನ್ನು ತಾವೇ ತೊಳೆದು ಕವುಚಿ ಹಾಕಿದರು.